ಬ್ಲೇಕ್‌ನ ಮುಗ್ಧತೆ–ಅನುಭವದ ಕವನಗಳಲ್ಲಿ ಅಪ್ಪ ಅಮ್ಮ ಎಲ್ಲಿದ್ದಾರೆ?

ಪುಟದಂಚು ಕೇಳಿದ್ದು:

ಪದವಿ ತರಗತಿಗೆ ಇಂಗ್ಲಿಷ್ ರಮ್ಯ ಕಾವ್ಯದ ಪಾಠ. ಬ್ಲೇಕ್‌ನ ‘ದಿ ಚಿಮ್ನಿ ಸ್ವೀಪರ್’ (ಹೊಗೆಗೂಡು ಗುಡಿಸುವ ಹುಡುಗ) ಹೆಸರಿನ ಎರಡೂ ಕವನ, ‘ಇನ್‌ಫೆಂಟ್ ಜಾಯ್’, ‘ಇನ್‌ಫೆಂಟ್ ಸಾರೋ’, ಕೋಲ್‌ರಿಜ್‌ನ ‘ಫ್ರಾಸ್ಟ್ ಅಟ್ ಮಿಡ್‌ನೈಟ್’, ವರ್ಡ್ಸ್‌ವರ್ತ್‌ನ ‘ಮೈ ಹಾರ್ಟ್ ಲೀಪ್ಸ್ ಅಪ್’ ಇವೆ. ಎರಡು ತರಗತಿಯಲ್ಲಿ ಮುಗಿಸಬೇಕು.

ಬ್ಲೇಕ್‌ನ ‘ಸಾಂಗ್ಸ್ ಆಫ್ ಇನೊಸೆನ್ಸ್’ (ಮುಗ್ಧತೆಯ ಹಾಡುಗಳು), ‘ಸಾಂಗ್ಸ್ ಆಫ್ ಎಕ್ಸ್‌ಪೀರಿಯನ್ಸ್’ (ಅನುಭವದ ಹಾಡುಗಳು) ಬಗ್ಗೆ ಗೈಡುಗಳಲ್ಲಿ ಸಿಗುವುದು ಒಂದೇ ವಿವರಣೆ: ಮುಗ್ಧತೆಯ ಹಾಡುಗಳಲ್ಲಿ ಮಗುವಿಗೆ ಹೆತ್ತವರ ಆಸರೆ ಇದೆ, ಅನುಭವದ ಹಾಡುಗಳಲ್ಲಿ ಅದು ತಪ್ಪಿಹೋಗುತ್ತದೆ. ಆದರೆ ಮುಗ್ಧತೆಯ ಸಂಪುಟದಲ್ಲಿರುವ ಚಿಮ್ನಿ ಕವನದ ಮೊದಲ ಸಾಲಿಗೇ ತಾಯಿ ಸತ್ತಿರುತ್ತಾಳೆ, ಎರಡನೇ ಸಾಲಿಗೆ ತಂದೆ ಮಗನನ್ನು ಮಾರಿರುತ್ತಾನೆ. ಇದರಲ್ಲಿ ಆಸರೆ ಎಲ್ಲಿ ಬಂತು? ಈ ಕವಿಗಳಲ್ಲಿ ಹೆತ್ತವರ ಪ್ರೀತಿಯನ್ನು ಯಾವ ಎಳೆ ಹಿಡಿದು ಓದಬೇಕು? ಕನ್ನಡದಲ್ಲಿ ಅರ್ಥ ಹೇಳುವಾಗ ಚಿಮ್ನಿ ಹುಡುಗನ ‘ವೀಪ್, ವೀಪ್’ ಅನ್ನೋ ಕೂಗನ್ನು ಏನು ಮಾಡೋದು? ತಿಳಿದವರು ಸ್ವಲ್ಪ ಬಿಡಿಸಿ ಹೇಳಿ.

---

ತಾಮ್ರಪಟ:

ಗೈಡಿನ ಸೂತ್ರವನ್ನು ಬಿಟ್ಟುಬಿಡಿ, ಅದು ಮೊದಲ ಕವನದಲ್ಲೇ ಮುರಿದುಬೀಳುತ್ತದೆ ಅಂತ ನೀವೇ ತೋರಿಸಿದ್ದೀರಿ. ಬ್ಲೇಕ್‌ಗೆ ಮುಗ್ಧತೆ, ಅನುಭವ ಎರಡು ವಯಸ್ಸಲ್ಲ, ಒಳ್ಳೆಯ ಮನೆ–ಕೆಟ್ಟ ಮನೆಯೂ ಅಲ್ಲ. ಮುಗ್ಧತೆಯ ಹಾಡುಗಳು 1789ರಲ್ಲಿ ಬಂದವು. 1794ರಲ್ಲಿ ಅನುಭವದ ಹಾಡುಗಳನ್ನೂ ಸೇರಿಸಿ ಒಂದೇ ಪುಸ್ತಕ ಮಾಡಿದಾಗ, ಇವು ಮನುಷ್ಯಾತ್ಮದ ಎದುರುಬದುರಾದ ಎರಡು ಸ್ಥಿತಿಗಳು ಅಂತ ಉಪಶೀರ್ಷಿಕೆಯಲ್ಲೇ ಬರೆದ. ಬೀದಿ ಅದೇ, ಮಸಿ ಅದೇ, ಹುಡುಗನೂ ಅಂಥವನೇ. ನಿಂತು ನೋಡುವ ಜಾಗ ಮಾತ್ರ ಬೇರೆ. ‘ದಿ ಸ್ಕೂಲ್ ಬಾಯ್’ ಕವನವನ್ನು ಮೊದಲು ಮುಗ್ಧತೆಯ ಭಾಗದಲ್ಲಿಟ್ಟು ಆಮೇಲೆ ಅನುಭವದ ಭಾಗಕ್ಕೆ ಸಾಗಿಸಿದ. ಬೇಲಿ ಅಷ್ಟು ಗಟ್ಟಿಯಾಗಿದ್ದರೆ ಹಾಗೆ ದಾಟಿಸಲು ಆಗುತ್ತಿರಲಿಲ್ಲ.

ಎಳೆ ಯಾವುದು ಅಂದರೆ, ದನಿ. ಪ್ರತಿ ಕವನದಲ್ಲೂ ಮಾತಾಡುತ್ತಿರುವವರು ಯಾರು, ಯಾರಿಗೆ ಹೇಳುತ್ತಿದ್ದಾರೆ ಅಂತ ಮೊದಲು ಪೆನ್ಸಿಲ್‌ನಲ್ಲಿ ಗುರುತು ಹಾಕಿಸಿ. ಅರ್ಥ ಆಮೇಲೆ.

ಮುಗ್ಧತೆಯ ಚಿಮ್ನಿ ಕವನ ಆರು ಪದ್ಯ, 24 ಸಾಲು. ಮಾತಾಡುವವನು ಹೊಗೆಗೂಡು ಗುಡಿಸುವ ಹುಡುಗನೇ. ಟಾಮ್ ಡೇಕರ್ ಅನ್ನೋ ಹೊಸ ಹುಡುಗನ ತಲೆ ಬೋಳಿಸುತ್ತಾರೆ. ಕುರಿಮರಿಯ ಬೆನ್ನಿನ ಹಾಗೆ ಸುರುಳಿಗೂದಲು ಅವನದು, ಅಳುತ್ತಾನೆ. ಆಗ ಈ ಹುಡುಗ ಹೇಳುತ್ತಾನೆ: ಸುಮ್ಮನಿರು ಟಾಮ್, ತಲೆ ಬೋಳಾದರೆ ನಿನ್ನ ಬಿಳಿಗೂದಲಿಗೆ ಮಸಿ ಹತ್ತೋದೇ ಇಲ್ಲವಲ್ಲ! ಇದು ತಾಯಿ ಆಡಬೇಕಾದ ಮಾತು. ಅವಳಿಲ್ಲ, ಅಪ್ಪ ಮಾರಿಬಿಟ್ಟಿದ್ದಾನೆ, ಆದರೆ ಸಂತೈಸುವ ಕೆಲಸ ನಿಂತಿಲ್ಲ. ಅದು ಇನ್ನೊಂದು ಮಗುವಿನ ಹೆಗಲಿಗೆ ಬಂದಿದೆ. ನೀವು ಕೇಳಿದ ಆಸರೆ ಇಲ್ಲಿದೆ. ಹೆತ್ತವರದಲ್ಲ ಅಷ್ಟೇ.

ಕೊನೆಯ ಸಾಲು, ಎಲ್ಲರೂ ತಂತಮ್ಮ ಕರ್ತವ್ಯ ಮಾಡಿದರೆ ಯಾರಿಗೂ ಕೇಡಿನ ಭಯವಿಲ್ಲ ಅನ್ನೋದು, ವಿದ್ಯಾರ್ಥಿಗಳು ಹೆಚ್ಚಾಗಿ ಎಡವುವ ಜಾಗ. ಕವಿಯ ಉಪದೇಶ ಅಂದುಕೊಳ್ಳುತ್ತಾರೆ. ಹಾಗಲ್ಲ, ದೊಡ್ಡವರ ಬಾಯಿಂದ ಕೇಳಿ ಕಲಿತ ಮಾತನ್ನು ಹುಡುಗ ನಂಬಿ ಒಪ್ಪಿಸುತ್ತಿದ್ದಾನೆ. ಅವನು ನಂಬಬಲ್ಲ, ಓದುವ ನಾವು ನಂಬಲಾರೆವು. ಆ ಅಂತರದಲ್ಲೇ ಕವನ ಉರಿಯುತ್ತದೆ. ಇನ್ನೊಂದು ವಿವರ ಜೊತೆಗಿಡಿ: ಎಂಟು ವರ್ಷ ತುಂಬದ ಮಕ್ಕಳನ್ನು ಈ ಕೆಲಸಕ್ಕೆ ಸೇರಿಸಿಕೊಳ್ಳಬಾರದು ಅಂತ ಇಂಗ್ಲೆಂಡಿನಲ್ಲಿ 1788ರಲ್ಲಿ ಕಾಯಿದೆ ಆಗಿತ್ತು. ಮರುವರ್ಷ ಬಂದ ಈ ಕವನದ ಹುಡುಗನನ್ನು ಮಾರಿದಾಗ ಅವನಿಗೆ ಕೂಗು ಹಾಕಲೂ ನಾಲಿಗೆ ಹೊರಳುತ್ತಿರಲಿಲ್ಲ.

ಅನುಭವದ ಚಿಮ್ನಿ ಕವನ ಮೂರೇ ಪದ್ಯ, 12 ಸಾಲು. ಹಿಮದಲ್ಲಿ ನಿಂತ ಹುಡುಗನನ್ನು ಯಾರೋ ದೊಡ್ಡವರು, ನಿನ್ನ ಅಪ್ಪ ಅಮ್ಮ ಎಲ್ಲಿ ಅಂತ ಕೇಳುತ್ತಾರೆ. ಪ್ರಾರ್ಥನೆಗೆ ಚರ್ಚಿಗೆ ಹೋಗಿದ್ದಾರೆ ಅನ್ನುತ್ತಾನೆ. ಗಮನಿಸಿ, ಇಲ್ಲಿ ಇಬ್ಬರೂ ಬದುಕಿದ್ದಾರೆ! ಮುಂದೆ ‘ಬಿಕಾಸ್’ ಅನ್ನೋ ಪದಕ್ಕೆ ಎರಡೂ ಕಡೆ ಗೆರೆ ಎಳೆಸಿ. ನಾನು ಬಯಲಲ್ಲಿ ಖುಷಿಯಾಗಿದ್ದೆ, ಅದಕ್ಕೇ ನನಗೆ ಸಾವಿನ ಬಟ್ಟೆ ತೊಡಿಸಿದರು. ಈಗಲೂ ಹಾಡಿ ಕುಣಿಯುತ್ತೇನೆ, ಅದಕ್ಕೇ ನನಗೇನೂ ಅನ್ಯಾಯ ಆಗಿಲ್ಲ ಅಂದುಕೊಂಡಿದ್ದಾರೆ. ಈ ಹೆತ್ತವರು ರಾಕ್ಷಸರಲ್ಲ, ನೆಮ್ಮದಿಯಾಗಿರುವವರು. ಮಗುವಿನ ನಗುವೇ ಅವರಿಗೆ ಸಮಜಾಯಿಷಿ ಆಗಿಬಿಟ್ಟಿದೆ. ನನ್ನ ಮಟ್ಟಿಗೆ ಬ್ಲೇಕ್ ಬರೆದ ಅತ್ಯಂತ ಕಠಿಣ ಸಾಲುಗಳು ಇವು.

ಸಮಯ ಇದ್ದರೆ ‘ಎ ಲಿಟಲ್ ಗರ್ಲ್ ಲಾಸ್ಟ್’ನ ಓನಾಳನ್ನೂ ಒಂದೈದು ನಿಮಿಷ ತನ್ನಿ. ಅವಳು ಪ್ರಿಯನನ್ನು ಕಂಡು ಮನೆಗೆ ಬಂದಾಗ ಅಪ್ಪ ಬೈಯುವುದಿಲ್ಲ, ಪ್ರೀತಿಯಿಂದಲೇ ನೋಡುತ್ತಾನೆ. ಧರ್ಮಗ್ರಂಥದಂಥ ಆ ನೋಟಕ್ಕೆ ಅವಳ ಮೈಯೆಲ್ಲ ನಡುಗುತ್ತದೆ. ಪ್ರೀತಿಯ ನೋಟವೇ ಹೆದರಿಸಿತು ಅಂತ ಒಂದೇ ಉಸಿರಿನಲ್ಲಿ ಬರೆದಿದ್ದಾನೆ.

---

ಎರಡುನಾಲಿಗೆ:

ಅನುವಾದದ ಭಾಗಕ್ಕೆ ಮಾತ್ರ ಉತ್ತರಿಸುತ್ತೇನೆ.

ಗುಡಿಸುವ ಹುಡುಗರು ಬೀದಿಯಲ್ಲಿ ‘ಸ್ವೀಪ್, ಸ್ವೀಪ್’ ಅಂತ ಕೂಗುತ್ತಾ ಹೋಗುವುದು ವಾಡಿಕೆ. ತೊದಲುವ ಬಾಯಲ್ಲಿ ಮೊದಲಿನ ‘ಸ್’ ಬಿದ್ದುಹೋಗಿ ಅದು ‘ವೀಪ್’ ಆಗುತ್ತದೆ, ಅಂದರೆ ಅಳು. ಒಂದೇ ಅಕ್ಷರ ಬಿದ್ದುಹೋದದ್ದರಿಂದ ಎರಡು ಸಂಗತಿ ತಿಳಿಯುತ್ತವೆ, ಮಗು ಎಷ್ಟು ಚಿಕ್ಕದು ಅನ್ನೋದು ಮತ್ತು ಅದರ ದುಃಖ. ಕನ್ನಡದಲ್ಲಿ ಎರಡನ್ನೂ ಒಂದೇ ಪದದಲ್ಲಿ ಹಿಡಿಯೋದು ಕಷ್ಟ. ‘ಬಳಿ’ ಪದದ ಮೊದಲ ವ್ಯಂಜನ ಬೀಳಿಸಿದರೆ ‘ಅಳಿ’ ಸಿಗುತ್ತದೆ, ಕಿವಿಗೆ ಹತ್ತಿರ ಅನಿಸುತ್ತದೆ. ಆದರೆ ‘ಅಳಿ’ ಅಂದರೆ ನಾಶವಾಗು, ಅಳು ಅಲ್ಲ. ಮೇಲಾಗಿ ಮಸಿಯ ಪಕ್ಕದಲ್ಲಿ ‘ಬಳಿ’ ಬಂದರೆ ನಮ್ಮವರಿಗೆ ಮುಖಕ್ಕೆ ಮಸಿ ಬಳಿಯುವುದೇ ನೆನಪಾಗುತ್ತದೆ. ಹಾಗಾಗಿ ನಾನಾದರೆ ಶ್ಲೇಷೆ ಬಿಟ್ಟು ತೊದಲು ಉಳಿಸಿಕೊಳ್ಳುತ್ತೇನೆ: ‘ಗುಡಿಸ್ತೀವಿ’ ಅನ್ನಲು ಬಾರದೆ ‘ಗುದಿತ್ತೀವಿ’ ಅನ್ನುವ ಮಗು. ದುಃಖ ಹೇಳಲು ಉಳಿದ 20 ಸಾಲಿವೆ, ವಯಸ್ಸು ಹೇಳಲು ಆ ಕೂಗೊಂದೇ ಇರೋದು.

‘ಚಿಮಣಿ’ ಅಂತ ಬರೆದರೆ ಉತ್ತರ ಕರ್ನಾಟಕದ ಮಕ್ಕಳು ಎಣ್ಣೆ ಬುಡ್ಡಿ ಅಂದುಕೊಳ್ಳಬಹುದು. ‘ಹೊಗೆಗೂಡು’ ವಾಸಿ.

ಇದಕ್ಕಿಂತ ಹೆಚ್ಚು ನಷ್ಟವಾಗುವ ಜಾಗ ಇನ್ನೊಂದಿದೆ. ಮೊದಲ ಪದ್ಯದ ಕೊನೆಯಲ್ಲಿ ಹುಡುಗ, ‘ನಿಮ್ಮ’ ಹೊಗೆಗೂಡು ಗುಡಿಸುತ್ತೇನೆ, ಮಸಿಯಲ್ಲೇ ಮಲಗುತ್ತೇನೆ ಅನ್ನುತ್ತಾನೆ. ಕನ್ನಡದಲ್ಲಿ ಯಾರ ಗೂಡು ಅಂತ ಹೇಳದೆಯೂ ವಾಕ್ಯ ನಡೆಯುತ್ತದಲ್ಲ, ಅನುವಾದ ಮಾಡುವಾಗ ಆ ‘ನಿಮ್ಮ’ ಸದ್ದಿಲ್ಲದೆ ಜಾರಿಬಿಡುತ್ತದೆ. ಜಾರಲು ಬಿಡಬೇಡಿ. ಅಪ್ಪ ಮಾರಿದ, ಸರಿ. ಕೊಂಡವರು ಯಾರು? ಓದುವವರ ಮನೆಯ ಒಲೆಯೂ ಲೆಕ್ಕಕ್ಕೆ ಬರುವುದು ಆ ಒಂದು ಪದದಿಂದ.

ಅನುಭವದ ಕವನ ಶುರುವಾಗುವುದು, ಹಿಮದ ನಡುವೆ ಕರ್ರಗಿನ ಒಂದು ಪುಟ್ಟ ‘ಥಿಂಗ್’ ಅಂತ. ಇಂಗ್ಲಿಷಿನಲ್ಲಿ ಮಗುವನ್ನು ‘ಥಿಂಗ್’ ಅಂದರೆ ಚುರುಕ್ ಅನ್ನುತ್ತದೆ. ಕನ್ನಡದಲ್ಲಿ ಮಗು ಹೇಗೂ ‘ಅದು’, ಮಗು ಬಂತು, ಮಗು ಅತ್ತಿತು ಅಂತಲೇ ಅನ್ನುತ್ತೇವೆ. ಹಾಗಾಗಿ ನಪುಂಸಕಲಿಂಗದಿಂದ ಆ ಚುರುಕು ಹುಟ್ಟುವುದಿಲ್ಲ. ‘ಹಿಮದಾಗೆ ಕರ್ರಗೆ ಏನೋ ಒಂದು’ ಅಂದು, ಮಗು ಅನ್ನೋ ಪದವನ್ನು ಎರಡು ಸಾಲು ತಡೆಹಿಡಿದರೆ ಆಗುತ್ತದೆ. ಆದರೆ ‘ಇನ್‌ಫೆಂಟ್ ಜಾಯ್’ಗೆ ಇದೇ ‘ಅದು’ ವರವಾಗಿ ಒದಗುತ್ತದೆ. ಹೆಸರಿಲ್ಲದ, ಗಂಡೋ ಹೆಣ್ಣೋ ಹೇಳದ, ಎರಡು ದಿನದ ಕೂಸು.

ಲಯದ ಬಗ್ಗೆ: ಮುಗ್ಧತೆಯ ಚಿಮ್ನಿ ಕವನದ ನಡೆ ಹೆಚ್ಚಾಗಿ ಎರಡು ಹಗುರ, ಒಂದು ಒತ್ತು. ನಮ್ಮ ಲೆಕ್ಕಕ್ಕೆ ತಂದರೆ ಸಗಣಕ್ಕೆ ಹತ್ತಿರ. ಕುಣಿಯುವ ಲಯ, ಸಾಯುವಂಥ ಸುದ್ದಿ. ಗದ್ಯದಲ್ಲಿ ಅರ್ಥ ಹೇಳಿ ಮುಗಿಸಿದರೆ ಅರ್ಧ ಕವನ ಹೋದಂತೆ. ಬಿ.ಎಂ.ಶ್ರೀ ಅವರು ‘ಇಂಗ್ಲಿಷ್ ಗೀತಗಳು’ ಮಾಡುವಾಗ ಹುಡುಕಿದ್ದೂ ಕನ್ನಡಕ್ಕೆ ಒಗ್ಗುವ ನಡೆಯನ್ನೇ. ಒಮ್ಮೆ ಮೂಲವನ್ನು ಗಟ್ಟಿಯಾಗಿ, ಕೈತಟ್ಟಿ ಓದಿಸಿ.

---

ಪುಟದಂಚು:

ತುಂಬಾ ಉಪಕಾರವಾಯಿತು. ‘ನಿಮ್ಮ’ ಪದವನ್ನು ನಿಜಕ್ಕೂ ಗಮನಿಸಿರಲಿಲ್ಲ. ಎರಡು ಅನುಮಾನ ಉಳಿದಿವೆ. ‘ಇನ್‌ಫೆಂಟ್ ಜಾಯ್’ನಲ್ಲಿ ಕೂಸೇ ಮಾತಾಡುತ್ತದೆಯೋ, ತಾಯಿ ಅದರ ಪರವಾಗಿ ಮಾತಾಡುತ್ತಾಳೋ? ಮತ್ತೆ ಕೋಲ್‌ರಿಜ್‌ನಲ್ಲಿ ತಂದೆಯ ಪ್ರೀತಿಗೆ ಯಾವ ಕಲೆಯೂ ಇಲ್ಲವಲ್ಲ, ಅವನನ್ನು ಬ್ಲೇಕ್ ಪಕ್ಕ ಇಟ್ಟು ಹೋಲಿಸೋದು ಹೇಗೆ?

---

ನಡುರಾತ್ರಿ:

ಎರಡಕ್ಕೂ ಕೋಲ್‌ರಿಜ್ ಕಡೆಯಿಂದಲೇ ಉತ್ತರ ಇದೆ. ಅವನು 1818ರಲ್ಲಿ ಬ್ಲೇಕ್‌ನ ಹಾಡುಗಳನ್ನು ಓದಿ ಒಬ್ಬ ಸ್ನೇಹಿತರಿಗೆ ಕಾಗದ ಬರೆದ. ‘ಇನ್‌ಫೆಂಟ್ ಜಾಯ್’ಗೆ ಅವನ ತಕರಾರು, ಎರಡು ದಿನದ ಕೂಸು ನಗುವುದಿಲ್ಲ, ನಗಲಾರದು ಅಂತ! ಮಕ್ಕಳನ್ನು ಎತ್ತಿ ಆಡಿಸಿದ ತಂದೆಯ ಮಾತದು. ಬ್ಲೇಕ್ ದಂಪತಿಗೆ ಮಕ್ಕಳಿರಲಿಲ್ಲ. ಆದರೆ ನಗು ಯಾರ ಕಣ್ಣಿಗೆ ಕಾಣುತ್ತಿದೆ ಅನ್ನೋದೇ ಆ ಕವನದ ವಿಷಯ. ‘ನನಗೆ ಹೆಸರಿಲ್ಲ’ ಅನ್ನುವ ದನಿ ಕೂಸಿನದು, ‘ಏನಂತ ಕರೆಯಲಿ’ ಅನ್ನುವುದು ಹೆತ್ತವಳದು. ಎರಡೂ ಅವಳ ಬಾಯಲ್ಲೇ ನಡೆಯುತ್ತಿದ್ದರೂ ತಪ್ಪಿಲ್ಲ. ನಮ್ಮಲ್ಲೂ ಬಾಣಂತಿಯರು ಕೂಸಿನ ಪರವಾಗಿ ತಾವೇ ಉತ್ತರ ಕೊಡುತ್ತಾ ಮಾತಾಡಿಸುತ್ತಾರಲ್ಲ. ಒಂದೇ ದನಿ ಅಂತ ತೀರ್ಪು ಕೊಡಬೇಡಿ.

ಇನ್ನು ‘ಫ್ರಾಸ್ಟ್ ಅಟ್ ಮಿಡ್‌ನೈಟ್’. ಕಲೆಯೇ ಇಲ್ಲ ಅಂದಿರಿ, ಸ್ವಲ್ಪ ಹತ್ತಿರದಿಂದ ನೋಡಿ. 1798ರ ಫೆಬ್ರವರಿ, ನೆದರ್ ಸ್ಟೋವಿಯ ಮನೆ. ಮಗ ಹಾರ್ಟ್ಲಿ ಹುಟ್ಟಿದ್ದು 1796ರ ಸೆಪ್ಟೆಂಬರ್, ಅಂದರೆ 17 ತಿಂಗಳು. ತೊಟ್ಟಿಲಲ್ಲಿ ಮಲಗಿದ್ದಾನೆ. ಒಲೆಯ ಸರಳಿಗೆ ಅಂಟಿದ ಮಸಿಯ ಪೊರೆಯೊಂದು ಅಲುಗಾಡುತ್ತಿದೆ. ಅದನ್ನು ‘ಸ್ಟ್ರೇಂಜರ್’ ಅನ್ನುತ್ತಿದ್ದರು, ಅದು ಅಲುಗಿದರೆ ದೂರದ ಆಪ್ತರು ಬರುತ್ತಾರೆ ಅನ್ನೋ ನಂಬಿಕೆ. ನಮ್ಮಲ್ಲಿ ಕಾಗೆ ಕೂಗಿದರೆ ನೆಂಟರು ಬರುತ್ತಾರೆ ಅನ್ನೋ ಹಾಗೆ. ಅದನ್ನು ನೋಡಿ ಕವಿಗೆ ತನ್ನ ವಸತಿ ಶಾಲೆಯ ದಿನ ನೆನಪಾಗುತ್ತದೆ. ಬಾಗಿಲು ಅರ್ಧ ತೆರೆದಾಗೆಲ್ಲ ಯಾರಾದರೂ ಬಂದರೇನೋ ಅಂತ ಎದೆ ಹಾರುತ್ತಿತ್ತು. ಯಾರು ಯಾರು? ಊರಿನವರು, ಚಿಕ್ಕಮ್ಮ ಅತ್ತೆಯರು, ಎಲ್ಲರಿಗಿಂತ ಹೆಚ್ಚಾಗಿ ಅಕ್ಕ.

ಆ ಪಟ್ಟಿಯಲ್ಲಿ ಅಮ್ಮ ಇಲ್ಲ. ಅಪ್ಪ ಇರಲು ಸಾಧ್ಯವೇ ಇಲ್ಲ: ಅವರು 1781ರಲ್ಲಿ ತೀರಿಕೊಂಡರು, ಮರುವರ್ಷ ಹುಡುಗನನ್ನು ಲಂಡನ್ನಿನ ಕ್ರೈಸ್ಟ್ಸ್ ಹಾಸ್ಪಿಟಲ್ ಶಾಲೆಗೆ ಕಳಿಸಿದರು. ತಾಯಿ ಬದುಕಿದ್ದಳು. ಇದನ್ನು ಕವಿ ಎಲ್ಲೂ ಬಾಯಿಬಿಟ್ಟು ಹೇಳುವುದಿಲ್ಲ. ಹಾಗಾಗಿಯೇ ಮುಂದಿನ ಸಾಲುಗಳಲ್ಲಿ ಮಗನಿಗೆ, ನೀನು ಕೆರೆಯ ದಂಡೆಯಲ್ಲಿ, ಮರಳ ತೀರದಲ್ಲಿ ಗಾಳಿಯ ಹಾಗೆ ಓಡಾಡುತ್ತೀಯ ಅಂತ ಮಾತು ಕೊಡುವಾಗ, ಆ ಪ್ರೀತಿ ತನಗೆ ಸಿಗದಿದ್ದುದರ ಲೆಕ್ಕದಿಂದ ಎದ್ದುಬಂದದ್ದು ಅಂತ ಗೊತ್ತಾಗುತ್ತದೆ. ಅನುಭವಿಸಿದವನು ಮುಗ್ಧತೆಯನ್ನು ಇನ್ನೊಬ್ಬರಿಗೆ ಹಾರೈಸುತ್ತಿದ್ದಾನೆ. ಒಂದೇ ಕವನದೊಳಗೆ ಎರಡೂ ಸ್ಥಿತಿ ಇವೆ, ಬ್ಲೇಕ್‌ನ ಪಕ್ಕ ಇಡಲು ಅಷ್ಟು ಸಾಕು.

ಇನ್ನೊಂದು. 1798ರ ಮೊದಲ ಮುದ್ರಣದಲ್ಲಿ ಕೊನೆಗೆ ಇನ್ನೂ ಆರು ಸಾಲಿದ್ದವು. ಬೆಳಿಗ್ಗೆ ಮಂಜಿನ ಕಡ್ಡಿಗಳನ್ನು ಕಂಡು ಕೂಸು ಅಮ್ಮನ ತೋಳಿನಿಂದ ಹಾರಿ ಬೀಳುವ ಹಾಗೆ ಕೇಕೆ ಹಾಕುತ್ತದೆ ಅಂತ. ಆಮೇಲೆ ಅವನ್ನು ಕತ್ತರಿಸಿ, ಚಂದ್ರನಿಗೆ ಮೌನವಾಗಿ ಹೊಳೆಯುವ ಮಂಜಿನ ಕಡ್ಡಿಗೇ ಕವನ ನಿಲ್ಲಿಸಿದ. ಕವನಕ್ಕೆ ಒಳ್ಳೆಯದೇ ಆಯಿತು. ಆದರೆ ಮಗುವನ್ನು ಎತ್ತಿಕೊಂಡಿದ್ದ ತೋಳುಗಳು ಅದರೊಂದಿಗೆ ಹೋದವು, ಈಗ ಉಳಿದಿರುವುದು ತಂದೆಯೊಬ್ಬನೇ. ರಮ್ಯ ಕವಿಗಳ ಹೆತ್ತವರು ಅಂದರೆ ಹೆಚ್ಚು ಪಾಲು ಅಪ್ಪಂದಿರೇ ಆಗಿಬಿಟ್ಟಿರುವುದು ಹೀಗೆ. ತಾಯಿಯ ದನಿ ಬೇಕಿದ್ದರೆ ಅದೇ ಕಾಲದ ಕವಯಿತ್ರಿ ಜೊವಾನಾ ಬೇಲಿಯ ‘ಎ ಮದರ್ ಟು ಹರ್ ವೇಕಿಂಗ್ ಇನ್‌ಫೆಂಟ್’ ಓದಿಸಿ. ಅದು ಬಂದದ್ದು 1790ರಲ್ಲಿ.

ಕಲೆ ಬೇಕೇ ಬೇಕು ಅಂದರೆ ಕೋಲ್‌ರಿಜ್‌ನದೇ ‘ಕ್ರಿಸ್ಟಬೆಲ್’ ಕವನದ ಎರಡನೇ ಭಾಗದ ಕೊನೆಯ 22 ಸಾಲು ತೆಗೆಯಿರಿ. 1801ರಲ್ಲಿ ಕವಿಮಿತ್ರ ಸದಿಗೆ ಬರೆದ ಕಾಗದದಲ್ಲಿ ಮೊದಲು ಇವು ಬಂದವು, ಆಗ ಹಾರ್ಟ್ಲಿಗೆ ನಾಲ್ಕು ವರ್ಷ. ತನ್ನಷ್ಟಕ್ಕೆ ಹಾಡಿ ಕುಣಿಯುವ, ಎಂದೂ ಹುಡುಕದೆ ಯಾವಾಗಲೂ ಕಂಡುಕೊಳ್ಳುವ ಮಗು. ಅದನ್ನು ನೋಡುತ್ತಾ ತಂದೆಯ ಕಣ್ಣು ಬೆಳಕಿನಿಂದ ತುಂಬಿ, ಪ್ರೀತಿ ಉಕ್ಕಿ ಉಕ್ಕಿ, ಕೊನೆಗೆ ಬೇಕಂತಲ್ಲದ ಕಹಿಮಾತಾಗಿ ಹೊರಬೀಳುತ್ತದೆ. ಮಗುವನ್ನು ‘ಕಳ್ಳ, ಕತ್ತೆ’ ಅಂತ ಮುದ್ದಿಗೆ ಬೈಯುವ ನಮಗೆ ಇದು ಥಟ್ಟನೆ ಹಿಡಿಯುತ್ತದೆ. ಅಲ್ಲಿಗೇ ನಿಲ್ಲಿಸಬೇಡಿ. ಇಂಥ ತಲೆತಿರುಗುವಿಕೆ ಕೋಪ ಮತ್ತು ನೋವಿನಿಂದಲ್ಲದೆ ಬರುವುದು ಅಪರೂಪವೇನೋ, ಹಾಗಿದ್ದರೆ ಎಂಥ ದುಃಖ, ಎಂಥ ನಾಚಿಕೆ ಅಂತ ಕವಿ ಮುಂದುವರಿಯುತ್ತಾನೆ. ಮುದ್ದಿನ ಬೈಗುಳದ ಅಡಿಯಲ್ಲಿ ನಿಜವಾದ ಸಿಟ್ಟು ಇದ್ದೀತೆ ಅಂತ ಅಪ್ಪನೊಬ್ಬ ತನ್ನನ್ನೇ ಕೇಳಿಕೊಂಡದ್ದು ಅಲ್ಲಿದೆ.

---

ಕುರಿದೊಡ್ಡಿ:

ತಾಮ್ರಪಟ ಅವರ ‘ದನಿ ಹಿಡಿಯಿರಿ’ ಅನ್ನೋ ದಾರಿ ಬ್ಲೇಕ್‌ಗೆ ಸರಿ. ವರ್ಡ್ಸ್‌ವರ್ತ್‌ಗೆ ಅದೊಂದೇ ಸಾಲದು. ಅವನಲ್ಲಿ ದೊಡ್ಡವರು ಏನು ಕೇಳುತ್ತಾರೆ, ಎಷ್ಟು ಸಲ ಕೇಳುತ್ತಾರೆ ಅನ್ನೋದನ್ನೂ ಎಣಿಸಬೇಕು. ‘ಅನೆಕ್‌ಡೋಟ್ ಫಾರ್ ಫಾದರ್ಸ್’ನಲ್ಲಿ ಐದು ವರ್ಷದ ಎಡ್ವರ್ಡ್‌ಗೆ ಈಗಿರುವ ಜಾಗಕ್ಕಿಂತ ಕಿಲ್ವ್ ಅನ್ನೋ ಊರು ಇಷ್ಟ. ಯಾಕೆ ಅಂತ ತಂದೆ ಕೇಳುತ್ತಾನೆ. 1798ರ ಮುದ್ರಣದಲ್ಲಿ ಐದು ಸಲ. ಹುಡುಗನಿಗೆ ಕಾರಣ ಗೊತ್ತಿಲ್ಲ, ತಲೆ ಎತ್ತಿದಾಗ ಮನೆಯ ಮೇಲೆ ಗಾಳಿಕೋಳಿ (ಗಾಳಿಯ ದಿಕ್ಕು ತೋರಿಸುವ ಕೋಳಿಯಾಕಾರದ ಸಾಧನ) ಕಾಣುತ್ತದೆ. ಕಿಲ್ವ್‌ನಲ್ಲಿ ಗಾಳಿಕೋಳಿ ಇರಲಿಲ್ಲ, ಅದಕ್ಕೇ ಅಂದುಬಿಡುತ್ತಾನೆ. ಮೊದಲ ಮುದ್ರಣದ ಉಪಶೀರ್ಷಿಕೆ, ಸುಳ್ಳು ಹೇಳುವ ಕಲೆಯನ್ನು ಹೇಗೆ ಕಲಿಸಬಹುದು ಅನ್ನೋದನ್ನು ತೋರಿಸುವ ಕವನ ಅಂತ. ಅಪ್ಪ ಕೈಹಿಡಿದು ನಡೆಸುತ್ತಿದ್ದಾನೆ, ಅಕ್ಕರೆಯಿಂದಲೇ ಕೇಳುತ್ತಿದ್ದಾನೆ, ಅನುಭವ ಒಳಗೆ ಬಂದದ್ದೂ ಆ ಬಾಗಿಲಿನಿಂದಲೇ.

‘ಮೈ ಹಾರ್ಟ್ ಲೀಪ್ಸ್ ಅಪ್’ 1802ರ ಮಾರ್ಚ್ 26ರಂದು ಬರೆದದ್ದು, ಒಂಬತ್ತು ಸಾಲು. ‘ಮಗುವೇ ಮನುಷ್ಯನ ತಂದೆ’ ಅನ್ನೋದನ್ನು ಎಲ್ಲರೂ ಬೋರ್ಡಿನ ಮೇಲೆ ಬರೆಸುತ್ತಾರೆ, ಕೊನೆಯ ‘ನ್ಯಾಚುರಲ್ ಪೈಯಟಿ’ಯನ್ನು ‘ಸಹಜ ಭಕ್ತಿ’ ಅಂದು ದಾಟಿಬಿಡುತ್ತಾರೆ. ಆ ಪದದ ಲ್ಯಾಟಿನ್ ಬೇರಿನಲ್ಲಿ ಹೆತ್ತವರಿಗೆ ಸಲ್ಲಿಸಬೇಕಾದ ನಿಷ್ಠೆಯ ಅರ್ಥ ಇದೆ. ಕನ್ನಡದಲ್ಲಿ ನಮಗೆ ‘ಪಿತೃಭಕ್ತಿ’ ಅನ್ನೋ ಪದ ತಯಾರೇ ಇದೆ! ಅದನ್ನು ಹಾಕಿ ನೋಡಿ, ಎರಡು ಸಾಲು ತಾವೇ ಬೆಸೆದುಕೊಳ್ಳುತ್ತವೆ. ಮಗು ತಂದೆಯಾದರೆ, ಬೆಳೆದವನು ತನ್ನ ಬಾಲ್ಯಕ್ಕೆ ಮಗನಂತೆ ನಡೆದುಕೊಳ್ಳಬೇಕು.

ಈ ಕವನದ ಮರುದಿನವೇ ಶುರುವಾದ ‘ಇಮ್ಮಾರ್ಟಾಲಿಟಿ ಓಡ್’ನ ಏಳನೇ ಭಾಗದಲ್ಲಿ ಮಗು ಆಟದಲ್ಲಿ ಮುಳುಗಿದೆ, ಅಮ್ಮನ ಮುತ್ತುಗಳು ಮೇಲಿಂದ ಮೇಲೆ ಬಂದು ಕಾಡುತ್ತಿವೆ, ಅಪ್ಪನ ಕಣ್ಣ ಬೆಳಕು ಮೇಲೆ ಬಿದ್ದಿದೆ. ನಡುರಾತ್ರಿ ಅವರು ಹೇಳಿದ ಸಾಲಿನ ಪಕ್ಕ ಇದನ್ನಿಡಿ. ಕೋಲ್‌ರಿಜ್‌ನಲ್ಲಿ ಬೆಳಕು ಮಗುವಿನಿಂದ ತಂದೆಯ ಕಣ್ಣಿಗೆ ಹರಿಯುತ್ತದೆ, ಇಲ್ಲಿ ತಂದೆಯ ಕಣ್ಣಿನಿಂದ ಮಗುವಿನ ಮೇಲೆ. ದೊಡ್ಡವರ ನೋಟ ಬಿದ್ದ ಮಗು ಆಮೇಲೆ ದೊಡ್ಡವರ ಮದುವೆ, ಸಾವು, ವ್ಯವಹಾರಗಳನ್ನೇ ಆಟವಾಗಿ ಆಡಲು ತೊಡಗುತ್ತದೆ.

‘ಮೈಕೆಲ್’ ಪಠ್ಯದಲ್ಲಿಲ್ಲ, ಆದರೂ ಕೊನೆಯ ಹತ್ತು ನಿಮಿಷ ಅದಕ್ಕೆ ಕೊಡಿ. 1800ರ ಕವನ. ಕುರುಬ ಮೈಕೆಲ್ ಮಗ ಲ್ಯೂಕ್‌ನ ತೊಟ್ಟಿಲನ್ನು ಹೆಂಗಸಿನಷ್ಟು ಮೆತ್ತಗೆ ತೂಗಿದವನು. ಜಮೀನಿಗೆ ಬಂದ ಸಾಲ ತೀರಿಸಲು 18 ವರ್ಷದ ಮಗನನ್ನು ಪಟ್ಟಣಕ್ಕೆ ಕಳಿಸುತ್ತಾನೆ. ಹೊರಡುವ ಮುನ್ನ ಕಟ್ಟಬೇಕಿದ್ದ ಕುರಿದೊಡ್ಡಿಗೆ ಮಗನ ಕೈಯಿಂದಲೇ ಮೊದಲ ಕಲ್ಲು ಇಡಿಸುತ್ತಾನೆ. ಮಗ ಕೆಟ್ಟುಹೋಗಿ ಕಡಲಾಚೆ ಓಡಿಹೋಗುತ್ತಾನೆ. ಆಮೇಲೂ ಮುದುಕ ಏಳು ವರ್ಷ ಆಗಾಗ ದೊಡ್ಡಿಯ ಹತ್ತಿರ ಹೋಗುತ್ತಾನೆ, ಎಷ್ಟೋ ದಿನ ಒಂದು ಕಲ್ಲನ್ನೂ ಎತ್ತಲಿಲ್ಲ ಅನ್ನುತ್ತದೆ ಕವನ. ಬ್ಲೇಕ್‌ನ ಅಪ್ಪ ಮಗನನ್ನು ಮಾರಿದ, ಮೈಕೆಲ್ ಪ್ರೀತಿಸಿಯೂ ಕಳಿಸಿದ. ಜಮೀನು ಉಳಿಸಿಕೊಳ್ಳುವ ಆಸೆಯೂ ಮಗನಿಗಾಗಿಯೇ ಇತ್ತಲ್ಲ? ಈ ಪ್ರಶ್ನೆಯನ್ನು ತರಗತಿಯಲ್ಲಿ ತೆರೆದಿಡಿ.

---

ತಾಮ್ರಪಟ:

ಒಪ್ಪಿದೆ, ಎಣಿಸುವ ದಾರಿ ಚೆನ್ನಾಗಿದೆ. ಎರಡು ತರಗತಿಗೆ ಹೀಗೆ ಹಂಚಬಹುದು. ಮೊದಲನೆಯದು ಪೂರ್ತಿ ಚಿಮ್ನಿ ಜೋಡಿಗೆ. ಹಾಳೆಯ ಮೇಲೆ ಸಂಪುಟದ ಹೆಸರು ಹಾಕದೆ ಎರಡನ್ನೂ ಕೊಟ್ಟು, ಯಾವುದು ಯಾವ ಭಾಗದ್ದು ಅಂತ ಅವರೇ ವಾದಿಸಲಿ. ಶೀರ್ಷಿಕೆ ಮೊದಲೇ ಗೊತ್ತಾದರೆ ಗೈಡಿನ ಸೂತ್ರವನ್ನೇ ಒಪ್ಪಿಸುತ್ತಾರೆ. ಎರಡನೆಯದರಲ್ಲಿ ಕೂಸಿನ ಜೋಡಿಗೆ ಕಾಲು ಗಂಟೆ, ಉಳಿದದ್ದು ಕೋಲ್‌ರಿಜ್ ಮತ್ತು ವರ್ಡ್ಸ್‌ವರ್ತ್‌ಗೆ.

ಸಾಧ್ಯವಾದರೆ ಬ್ಲೇಕ್‌ನ ಪುಟಗಳ ಚಿತ್ರ ತೋರಿಸಿ. ಆಮ್ಲ ತಾಗದ ದ್ರಾವಣದಲ್ಲಿ ತಾಮ್ರದ ತಗಡಿನ ಮೇಲೆ ಅಕ್ಷರಗಳನ್ನು ತಿರುಗುಮುರುಗಾಗಿ ಬರೆದು, ಉಳಿದ ಜಾಗವನ್ನು ಆಮ್ಲ ತಿನ್ನಲು ಬಿಟ್ಟು, ಉಬ್ಬಿ ನಿಂತ ಅಕ್ಷರಕ್ಕೆ ಮಸಿ ಹಚ್ಚಿ ಅಚ್ಚು ತೆಗೆಯುತ್ತಿದ್ದ. ಆಮೇಲೆ ಅವನೂ ಹೆಂಡತಿ ಕ್ಯಾಥರೀನಳೂ ಕೈಯಲ್ಲಿ ಬಣ್ಣ ತುಂಬುತ್ತಿದ್ದರು. ಹಾಗಾಗಿ ಚಿತ್ರ ಬರೀ ಅಲಂಕಾರವಲ್ಲ. ‘ಇನ್‌ಫೆಂಟ್ ಜಾಯ್’ನಲ್ಲಿ ಅರಳಿದ ಕೆಂಪು ಹೂವಿನೊಳಗೆ ತಾಯಿ, ಮಡಿಲಲ್ಲಿ ಕೂಸು. ‘ಇನ್‌ಫೆಂಟ್ ಸಾರೋ’ದ ಎಂಟು ಸಾಲಿನಲ್ಲಿ ಕೂಸು ಅಪ್ಪನ ಕೈಯಲ್ಲಿ ಕೊಸರಾಡಿ, ಸುತ್ತುಬಟ್ಟೆಯೊಳಗೆ ಒದ್ದಾಡಿ, ಸುಸ್ತಾಗಿ ಅಮ್ಮನ ಎದೆಗೆ ಮುನಿಸಿಕೊಂಡು ಒರಗುತ್ತದೆ. ಚಿತ್ರದಲ್ಲಿ ಅಪ್ಪನೂ ಇಲ್ಲ, ಸುತ್ತುಬಟ್ಟೆಯೂ ಇಲ್ಲ. ಹಾಸಿಗೆಯ ಮೇಲೆ ಬರಿಮೈಯ ಕೂಸು ಕೈ ಮೇಲೆತ್ತಿದೆ, ಅಮ್ಮ ಅದರ ಕಡೆ ಬಾಗಿದ್ದಾಳೆ. ಅವಳು ಎತ್ತಿಕೊಳ್ಳಲು ಬರುತ್ತಿದ್ದಾಳೋ, ಕಟ್ಟಿ ಮಲಗಿಸಲು ಬರುತ್ತಿದ್ದಾಳೋ ಅಂತ ಕೇಳಿ, ಕೈ ಎತ್ತಿಸಿ ಎಣಿಸಿ. ಯಾವ ಕಡೆ ಹೆಚ್ಚು ಕೈ ಬಂದರೂ ಪರವಾಗಿಲ್ಲ, ಯಾವ ಸಾಲು ನೋಡಿ ಹಾಗಂದರು ಅಂತ ಒಬ್ಬೊಬ್ಬರಿಂದಲೂ ಹೇಳಿಸಿ.